ಆಟಿ ತಿಂಗಳಲ್ಲಿ ಕ್ಲಿಯರ್ ಹೊಡೆದರೆ ಆಗುವುದು ಇದು

ಕಡುನೀಲಿ ಬಣ್ಣದ, 1/24 ಅಳತೆಯ ಒಂದು ಪ್ಲಾಸ್ಟಿಕ್ ಮಾಡೆಲ್ ಕಿಟ್‌ನ ಕಾರಿನ ಬಾಡಿ. ಮೇಲ್ಛಾವಣಿ ಅಕ್ಕಿ ತೊಳೆದ ನೀರು ಚೆಲ್ಲಿದ ಹಾಗೆ ಬೆಳ್ಳಗಾಗಿದೆ. ಬಾನೆಟ್ ಮೇಲೆ ಕೂದಲೆಳೆಯಂಥ ಬಿರುಕುಗಳು. ಮುಂದಿನ ಗಾಜಿನ ಎಡಗಂಬ ಸಣ್ಣಕ್ಕೆ ಒಳಗೆ ಬಾಗಿದೆ, ಇನ್ನು ಗಾಜು ಕೂರುವುದಿಲ್ಲ. ಜುಲೈ ಕೊನೆಯ ವಾರ, ಅಂದರೆ ತುಳುನಾಡಿನ ಜಡಿಮಳೆಯ ಆಟಿ ತಿಂಗಳಲ್ಲಿ, ಮಂಗಳೂರಿನಲ್ಲಿ ಎರಡೇ ದಿನದಲ್ಲಿ ಆದ ಅನಾಹುತ ಇದು. ಪ್ರೈಮರ್ ಸರಿ ಇತ್ತು, ನೀಲಿಯೂ ಸರಿ ಇತ್ತು. ಕೆಟ್ಟದ್ದು ಕ್ಲಿಯರ್ ಕೋಟ್ (ಬಣ್ಣದ ಮೇಲೆ ಹೊಳಪಿಗೆಂದು ಹೊಡೆಯುವ ಬಣ್ಣವಿಲ್ಲದ ಲ್ಯಾಕರ್) ಹೊಡೆದ ಮೇಲೆ.

ಬಿಳುಪಿಗೂ ಬಿರುಕಿಗೂ ಕಾರಣ ಬೇರೆ ಬೇರೆ. ಬಿಳುಪು ಮಳೆಗಾಲದ ಕೊಡುಗೆ. ಬಿರುಕು, ಆ ಬಿಳುಪನ್ನು ತೆಗೆಯಲು ಹೋಗಿ ತಂದುಕೊಂಡದ್ದು. ಮೊದಲನೆಯದನ್ನು ಸರಿಮಾಡಬಹುದಿತ್ತು. ಎರಡನೆಯದಕ್ಕೆ ಮದ್ದಿಲ್ಲ.

ಮೊದಲು ಬಿಳುಪಿನ ವಿಷಯ. ಲ್ಯಾಕರ್ ಒಣಗುವುದೆಂದರೆ ಅದರಲ್ಲಿರುವ ಥಿನ್ನರ್ ಆವಿಯಾಗಿ ಹಾರಿಹೋಗುವುದು. ಹಾರುವಾಗ ಅದು ಬಾಡಿಯ ಮೈಯಿಂದ ಬಿಸಿಯನ್ನು ಹೀರಿಕೊಳ್ಳುತ್ತದೆ. ಇಂಜೆಕ್ಷನ್‌ಗೆ ಮುಂಚೆ ಸ್ಪಿರಿಟ್ ಒರೆಸಿದಾಗ ತೋಳು ತಣ್ಣಗಾಗುತ್ತದಲ್ಲ, ಹಾಗೆ. ಸ್ಪ್ರೇ ಡಬ್ಬಿಯಾದರೆ ಒಳಗಿನ ದ್ರವರೂಪದ ಗ್ಯಾಸ್ ಆವಿಯಾಗಿ ಹೊರಬರುವಾಗ ಇನ್ನೂ ತಂಪು. ಆ ದಿನ ಕೋಣೆಯಲ್ಲಿ 27 ಡಿಗ್ರಿ, ತೇವಾಂಶ 90%. ಅಷ್ಟು ತೇವ ಇರುವಾಗ ಸುಮಾರು 25 ಡಿಗ್ರಿಗೆ ಇಳಿದ ಯಾವ ಮೈಯ ಮೇಲಾದರೂ ಗಾಳಿಯ ನೀರು ಹನಿಕಟ್ಟುತ್ತದೆ. ಅಂದರೆ ಬಾಡಿ ಎರಡು ಡಿಗ್ರಿ ತಣ್ಣಗಾದರೆ ಸಾಕು, ಒಣಗುತ್ತಿರುವ ಕ್ಲಿಯರ್‌ನೊಳಗೆ ನೀರು ಸಿಕ್ಕಿಬಿದ್ದು ಬೆಳ್ಳಗಾಗುತ್ತದೆ. ಜನವರಿಯ ಮಧ್ಯಾಹ್ನ 32 ಡಿಗ್ರಿ, 50% ಇರುವಾಗ ಹನಿಕಟ್ಟಬೇಕಾದರೆ ಸುಮಾರು 20 ಡಿಗ್ರಿಗೆ ಇಳಿಯಬೇಕು. ಹನ್ನೆರಡು ಡಿಗ್ರಿ ಅಂತರ ಇರುವಾಗ ಹೆದರಿಕೆ ಇಲ್ಲ. ಅದೇ ಡಬ್ಬಿ, ಅದೇ ಕೈ. ಆದರೂ ಜನವರಿಯಲ್ಲಿ ಕನ್ನಡಿ, ಜುಲೈಯಲ್ಲಿ ಗಂಜಿನೀರು.

ಛಾವಣಿ, ಬಾನೆಟ್, ಡಿಕ್ಕಿಯ ಮುಚ್ಚಳ ಮೊದಲು ಬಿಳುಚುತ್ತವೆ. ಮಲಗಿದ ಭಾಗಗಳಿಗೆ ಕ್ಲಿಯರ್ ದಪ್ಪ ಬೀಳುತ್ತದೆ. ಹೆಚ್ಚು ಥಿನ್ನರ್ ಬಿದ್ದಲ್ಲಿ ಹೆಚ್ಚು ತಂಪು.

ಇನ್ನೂರು ಮುನ್ನೂರು ರೂಪಾಯಿಯ ಡಿಜಿಟಲ್ ತೇವಾಂಶ ಮೀಟರ್ ಇಲ್ಲದೆ ನಮ್ಮ ಕರಾವಳಿಯಲ್ಲಿ ಲ್ಯಾಕರ್ ಮುಟ್ಟಬಾರದು ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ. ಮೊಬೈಲ್‌ನ ಹವಾಮಾನ ನೋಡಿ ಪ್ರಯೋಜನ ಇಲ್ಲ, ಮೀಟರ್ ಬಣ್ಣ ಹೊಡೆಯುವ ಜಾಗದಲ್ಲೇ ಇರಬೇಕು. 65ರ ಕೆಳಗೆ ಧೈರ್ಯವಾಗಿ ಹೊಡೆಯಿರಿ. 65ರಿಂದ 75ರೊಳಗೆ ಇದ್ದರೆ ತೆಳು ಪದರ ಮಾತ್ರ, ಒಂದಕ್ಕೂ ಇನ್ನೊಂದಕ್ಕೂ 15–20 ನಿಮಿಷ ಬಿಡುವು. 75 ದಾಟಿದರೆ ಹೊಳಪಿನ ಕ್ಲಿಯರ್ ಬೇಡವೇ ಬೇಡ. ಮಳೆ ಬಿಟ್ಟು ಬಿಸಿಲು ಬಂತು ಎಂದು ಮೋಸ ಹೋಗಬೇಡಿ. ಅಂಗಳದ ನೀರು ಆವಿಯಾಗಿ ಮೇಲೇಳುವ ಹೊತ್ತು ಅದು.

ಎಸಿ ಕೋಣೆ ಇದ್ದವರು ಡ್ರೈ ಮೋಡ್‌ನಲ್ಲಿ ಒಂದು ತಾಸು ಓಡಿಸಿ, 60ಕ್ಕೆ ಇಳಿಸಿಕೊಂಡು ಹೊಡೆಯುವುದುಂಟು. ಇಲ್ಲೊಂದು ಇಕ್ಕಟ್ಟು ಇದೆ. ಸ್ಪ್ರೇ ಬೂತಿನ (ಬಣ್ಣ ಹೊಡೆಯಲು ಇಟ್ಟುಕೊಳ್ಳುವ ಫ್ಯಾನ್ ಇರುವ ಪೆಟ್ಟಿಗೆ) ಫ್ಯಾನ್ ಒಳಗಿನ ಒಣಗಾಳಿಯನ್ನು ಹೊರಗೆ ತಳ್ಳಿದಷ್ಟೂ ಬಾಗಿಲ ಸಂದಿನಿಂದ ಹೊರಗಿನ 90% ಗಾಳಿ ಒಳಗೆ ಬರುತ್ತದೆ. ಹಾಗೆಂದು ಫ್ಯಾನ್ ನಿಲ್ಲಿಸಿದರೆ ಥಿನ್ನರ್ ಆವಿ ಕೋಣೆ ತುಂಬುತ್ತದೆ, ಅದು ತಲೆಸುತ್ತಿಗೂ ಬೆಂಕಿಗೂ ದಾರಿ. ಫ್ಯಾನ್ ಓಡುತ್ತಲೇ ಇರಲಿ. ಒಂದು ಪದರವನ್ನು ಅರ್ಧ ನಿಮಿಷದೊಳಗೆ ಮುಗಿಸಿ, ವಾಸನೆ ಹೋಗುವವರೆಗೆ ಬಿಟ್ಟು ಆಮೇಲೆ ನಿಲ್ಲಿಸಿ. ಪಕ್ಕದ ಕೋಣೆಯಲ್ಲಿ ಸಂಜೆಯ ದೇವರ ದೀಪ ಉರಿಯುತ್ತಿದ್ದರೆ ಆ ಹೊತ್ತಿಗೆ ಡಬ್ಬಿ ತೆಗೆಯಬೇಡಿ. ಮೂಗಿಗೆ ಬಟ್ಟೆ ಮಾಸ್ಕ್, ಎನ್-95 ಎರಡೂ ಧೂಳಿಗೆ ಮಾತ್ರ. ಇದಕ್ಕೆ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು.

ಈಗ ಬಿರುಕಿನ ವಿಷಯ. ಬಿಳುಪನ್ನು ಕಂಡು ಗಾಬರಿಯಾಗಿ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದಾಗ ಸಿಕ್ಕ ಉತ್ತರ: "ಅದಕ್ಕೆಂತ, ಮೇಲಿಂದ ಸ್ವಲ್ಪ ಥಿನ್ನರ್ ಹೊಡೀರಿ, ಹೋಗ್ತದೆ." ಅಂಗಡಿಯವರು ಸುಳ್ಳು ಹೇಳಲಿಲ್ಲ. ಮರದ ಬಾಗಿಲಿಗೆ ಲ್ಯಾಕರ್ ಪಾಲಿಶ್ ಮಾಡುವವರು ಮಳೆಗಾಲದಲ್ಲಿ ಮಾಡುವುದು ಅದನ್ನೇ. ಮೇಲ್ಪದರ ಮತ್ತೆ ಕರಗಿದರೆ ಸಿಕ್ಕಿಬಿದ್ದ ನೀರು ಹೊರಟುಹೋಗುತ್ತದೆ. ಆದರೆ ಅಂಗಡಿಯಲ್ಲಿ ಸಿಗುವುದು ಎನ್‌ಸಿ ಥಿನ್ನರ್, ಅಂದರೆ ನೈಟ್ರೊಸೆಲ್ಯುಲೋಸ್ ಲ್ಯಾಕರ್‌ಗೆ ಬೆರೆಸುವಂಥದ್ದು. ಅದರಲ್ಲಿ ಇರುವ ಟಾಲ್ವಿನ್, ಕೀಟೋನ್‌ಗಳಂಥವು ಮರವನ್ನೂ ತಗಡನ್ನೂ ಏನೂ ಮಾಡುವುದಿಲ್ಲ, ಕಿಟ್‌ನ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಮಾತ್ರ ಕರಗಿಸುತ್ತವೆ. ಕಿಟ್‌ನ ತುಂಡುಗಳಿಗೆ ನಾವು ಅಂಟಾಗಿ ಬಳಸುವ ಮಾಡೆಲ್ ಸಿಮೆಂಟ್ ಕೆಲಸ ಮಾಡುವುದೂ ಇದೇ ಗುಣದಿಂದ. ಮಾಡೆಲ್‌ಗೆಂದೇ ಬರುವ ಲ್ಯಾಕರ್ ಥಿನ್ನರ್ ಕೂಡ ಪ್ಲಾಸ್ಟಿಕ್ಕನ್ನು ಚೂರು ಕಚ್ಚುತ್ತದೆ, ಬಣ್ಣ ಹಿಡಿಯುವುದು ಅದರಿಂದಲೇ. ಎನ್‌ಸಿ ಕಚ್ಚುವುದಿಲ್ಲ, ನುಂಗುತ್ತದೆ.

ಏರ್‌ಬ್ರಶ್‌ಗೆ (ಗಾಳಿಯ ಒತ್ತಡದಲ್ಲಿ ಬಣ್ಣ ಚಿಮ್ಮಿಸುವ ಪೆನ್ನಿನಂಥ ಸಾಧನ) ಅದನ್ನು ತುಂಬಿ, ಮೈ ಒದ್ದೆಯಾಗುವಷ್ಟು ಎರಡು ಸಲ ಹೊಡೆದದ್ದೇ ತಪ್ಪಾಯಿತು. ಥಿನ್ನರ್ ಕ್ಲಿಯರ್ ದಾಟಿ, ನೀಲಿ ದಾಟಿ, ಪ್ರೈಮರ್ ದಾಟಿ ಪ್ಲಾಸ್ಟಿಕ್ಕಿಗೆ ಇಳಿಯಿತು. ಹತ್ತು ನಿಮಿಷ ಬಾಡಿ ಫಳಫಳ ಹೊಳೆಯಿತು, ಬಿಳುಪೂ ಮಾಯ. ಬೆಳಿಗ್ಗೆ ನೋಡಿದರೆ ಬಾನೆಟ್ ಬಿರಿದಿದೆ, ಬಾಗಿಲಿನ ಗೆರೆಗಳು ಮೇಣದಂತೆ ದುಂಡಗಾಗಿವೆ, ಮೂರು ಮಿಲಿಮೀಟರ್ ಅಗಲ ಕೂಡ ಇಲ್ಲದ ಗಾಜಿನ ಕಂಬ ಸೊಟ್ಟಗಾಗಿದೆ. ಛಾವಣಿಯ ಬಿಳುಪು ಮಾತ್ರ ಮರಳಿ ಬಂದಿದೆ. ಬರದೆ ಏನು, ಕೋಣೆಯ ತೇವಾಂಶ ಇನ್ನೂ 90 ಇತ್ತಲ್ಲ!

ಮಾಡಬೇಕಾಗಿದ್ದದ್ದು ಬೇರೆ. ಬಿಳುಪು ಕಂಡ ತಕ್ಷಣ ಕೈ ಕಟ್ಟಿ ಕೂರಬೇಕು. ಬಾಡಿಯನ್ನು ಎಸಿ ಕೋಣೆಯಲ್ಲಿ ಅಥವಾ ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟರೆ ತೆಳು ಬಿಳುಪು ತಾನಾಗಿ ಇಳಿಯುವುದುಂಟು. ಇಳಿಯದಿದ್ದರೆ ಮಾಡೆಲ್‌ಗೆಂದೇ ಬರುವ ಮಿಸ್ಟರ್ ಕಲರ್ ಲೆವೆಲಿಂಗ್ ಥಿನ್ನರ್ ಇದೆ. ಅದರಲ್ಲಿ ರಿಟಾರ್ಡರ್ ಬೆರೆತೇ ಇರುತ್ತದೆ, ಅಂದರೆ ನಿಧಾನ ಹಾರುತ್ತದೆ, ಮೈ ತಣ್ಣಗಾಗುವುದು ಕಡಿಮೆ, ನೀರಿಗೆ ಹೊರಡಲು ಪುರುಸೊತ್ತು. ಕೋಣೆಯನ್ನು 65ರ ಕೆಳಗೆ ತಂದ ಮೇಲೆ, 15 ಪಿಎಸ್‌ಐ ಒತ್ತಡದಲ್ಲಿ, 15 ಸೆಂಟಿಮೀಟರ್ ದೂರದಿಂದ ಇಬ್ಬನಿ ಬಿದ್ದಷ್ಟು ಮಾತ್ರ. ಒದ್ದೆ ಹೊಳಪು ಬಂದರೆ ಹೆಚ್ಚಾಯಿತು ಎಂದರ್ಥ. ಬಿಳುಪು ಮೇಲ್ಪದರದಲ್ಲಷ್ಟೇ ಇದ್ದರೆ ಒಂದು ವಾರ ಒಣಗಿಸಿ, 2000 ನಂಬರಿನ ಸ್ಯಾಂಡ್‌ಪೇಪರ್‌ನಲ್ಲಿ ನೀರು ಹಾಕಿ ಉಜ್ಜಿ, ಪಾಲಿಶಿಂಗ್ ಕಾಂಪೌಂಡ್ ಹಚ್ಚಿ ಪಾಲಿಶ್ ಮಾಡಿದರೂ ಹೋಗುತ್ತದೆ. ಅಂಚುಗಳ ಹತ್ತಿರ ಉಜ್ಜಬೇಡಿ, ಅಲ್ಲಿ ಬಣ್ಣ ಮೊದಲು ಸವೆದುಹೋಗುತ್ತದೆ. ಡೀಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಅಂಟಿಸಿ ಆಗಿದ್ದರೆ ಇನ್ನೂ ಹುಷಾರು. ಲ್ಯಾಕರ್ ಒದ್ದೆಯಾಗಿ ಬಿದ್ದರೆ ಡೀಕಾಲ್ ಸುಕ್ಕುಗಟ್ಟುತ್ತದೆ.

ಏರ್‌ಬ್ರಶ್ ತೊಳೆಯಲು ಎನ್‌ಸಿ ಥಿನ್ನರ್ ಧಾರಾಳ ಬಳಸಿ, ಅಗ್ಗವೂ ಹೌದು. ರಬ್ಬರ್ ವಾಷರ್‌ಗಳನ್ನು ಮಾತ್ರ ಅದರಲ್ಲಿ ನೆನೆಹಾಕಬೇಡಿ. ಡಬ್ಬಿಯ ಮೇಲೆ ದೊಡ್ಡದಾಗಿ "ತೊಳೆಯಲು ಮಾತ್ರ" ಎಂದು ಬರೆದಿಡಿ. ಹೊಸ ಥಿನ್ನರ್ ಯಾವುದೇ ಆಗಲಿ, ಮೊದಲು ಸ್ಪ್ರೂ (ಕಿಟ್‌ನ ತುಂಡುಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ಚೌಕಟ್ಟು) ತುಂಡಿನ ಮೇಲೆ ಒಂದು ಹನಿ, ಐದು ನಿಮಿಷ. ಉಗುರು ಒತ್ತಿದಾಗ ಗುರುತು ಬಿದ್ದರೆ ಆ ಥಿನ್ನರ್ ಬಾಡಿಯ ಹತ್ತಿರ ಬರಬಾರದು.

ಬಣ್ಣ ಕಿತ್ತು ಮೊದಲಿನಿಂದ ಶುರು ಮಾಡುವವರಿಗೆ 99% ಐಸೊಪ್ರೊಪೈಲ್ ಆಲ್ಕೊಹಾಲ್ ಒಳ್ಳೆಯದು. ಮುಚ್ಚಳದ ಡಬ್ಬಿಯಲ್ಲಿ ಒಂದು ದಿನ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಶ್‌ನಲ್ಲಿ ತಿಕ್ಕಿದರೆ ಬಣ್ಣ ಚಕ್ಕೆಚಕ್ಕೆಯಾಗಿ ಬರುತ್ತದೆ. ಬಿಳುಚಿದ ಬಾಡಿ ಹೀಗೆ ಉಳಿಯುತ್ತದೆ. ಬಿರಿದದ್ದು ಉಳಿಯುವುದಿಲ್ಲ. 400, 600, 1000 ಎಂದು ಉಜ್ಜಿ, ಸರ್ಫೇಸರ್ (ಗೀರು ಮುಚ್ಚುವ ದಪ್ಪ ಪ್ರೈಮರ್) ತುಂಬಿ, ಬಾಗಿಲ ಗೆರೆ ಮತ್ತೆ ಕೊರೆಯುವ ಶ್ರಮಕ್ಕೆ ಇನ್ನೊಂದು ಕಿಟ್ ಅಗ್ಗ.

ಹಲಸಿನ ಹಪ್ಪಳ ಒಣಗಿಸಲು ಆಟಿಗೆ ಕಾಯುವವರು ಯಾರೂ ಇಲ್ಲ. ಕ್ಲಿಯರ್‌ಗೂ ಅದೇ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಂಜಿನ್, ಚಾಸಿ, ಸೀಟು, ಡ್ಯಾಶ್‌ಬೋರ್ಡ್ ಮುಗಿಸಿಕೊಳ್ಳಿ. ನೀರಿನ ಅಕ್ರಿಲಿಕ್‌ನಲ್ಲಿ ಬ್ರಶ್ ಕೆಲಸಕ್ಕೆ ತೊಂದರೆ ಇಲ್ಲ, ಒಣಗುವುದು ತಡ ಅಷ್ಟೆ. ಡೀಕಾಲ್ ಹಾಳೆಗೆ ಬೂಸ್ಟು ಹಿಡಿಯದ ಹಾಗೆ ಜಿಪ್ ಚೀಲದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಾಡಿಗೆ ಪ್ರೈಮರ್ ಹೊಡೆದು, ಮುಚ್ಚಿಟ್ಟು, ದೀಪಾವಳಿ ಕಳೆಯಲಿ.

ಆ ನೀಲಿ ಬಾಡಿಯನ್ನು ಬಿಸಾಡಲಿಲ್ಲ. ಅದರ ಒಳಮೈ ಇನ್ನೂ ನುಣುಪಾಗಿದೆ, ಈಗ ಹೊಸ ಥಿನ್ನರ್‌ಗಳ ಮೊದಲ ಹನಿ ಬೀಳುವುದು ಅಲ್ಲಿಗೆ.