ಜೇಬಿನ ಕ್ಯಾಮೆರಾವೋ, ಸರ್ವಸಜ್ಜಿತ ಕ್ಯಾಮ್‌ಕಾರ್ಡರೋ?

ವಿಡಿಯೊ ಕ್ಯಾಮೆರಾ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಚಿತ್ರದ ಗುಣಮಟ್ಟವನ್ನು. ಸಣ್ಣ ಕ್ಯಾಮೆರಾ ಮತ್ತು ಸರ್ವಸಜ್ಜಿತ ಕ್ಯಾಮ್‌ಕಾರ್ಡರ್‌ಗಳ ನಡುವೆ ಒಂದನ್ನು ಆರಿಸಬೇಕಾದಾಗ ಈ ಪ್ರಶ್ನೆಯಿಂದ ಹೆಚ್ಚೇನೂ ತೀರ್ಮಾನವಾಗುವುದಿಲ್ಲ. 2023ರಲ್ಲಿ ಬಂದ ಡಿಜೆಐ ಆಸ್ಮೊ ಪಾಕೆಟ್ 3 ಮತ್ತು 2017ರ ಸೋನಿ ಪಿಎಕ್ಸ್‌ಡಬ್ಲ್ಯು-ಝಡ್90 ಇವೆರಡನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಇದು ಮನವರಿಕೆಯಾಗುತ್ತದೆ. ಮೊದಲನೆಯದರ ತೂಕ ಕೇವಲ 179 ಗ್ರಾಂ. ಎರಡನೆಯದು ಹಿಡಿಕೆ, ಮೈಕ್ ಎಲ್ಲ ಸೇರಿಸಿಕೊಂಡು ಕೈತುಂಬ ಬರುವ ಯಂತ್ರ. ಹಾಗಿದ್ದೂ ಎರಡರೊಳಗೂ ಇರುವುದು ಒಂದು ಇಂಚಿನ ವರ್ಗದ ಸೆನ್ಸರ್, ಅಂದರೆ ಬೆಳಕನ್ನು ಚಿತ್ರವಾಗಿಸುವ ಚಿಪ್.

ಕೆಲವು ವಿಷಯಗಳಲ್ಲಂತೂ ಚಿಕ್ಕದೇ ಮುಂದಿದೆ. ಲೆನ್ಸಿನಲ್ಲಿ ಬೆಳಕು ಹಾಯುವ ದ್ಯುತಿರಂಧ್ರದ ಎಫ್ ಸಂಖ್ಯೆ ಚಿಕ್ಕದಾದಷ್ಟೂ ರಂಧ್ರ ದೊಡ್ಡದು. ಪಾಕೆಟ್ 3ರದು ಎಫ್/2.0, ಝಡ್90ರದು ಅಗಲ ನೋಟದಲ್ಲಿ ಎಫ್/2.8 ಇದ್ದು, ಜೂಮ್ ಮಾಡುತ್ತ ಹೋದಂತೆ ಎಫ್/4.5ಕ್ಕೆ ಕಿರಿದಾಗುತ್ತದೆ. ಅಂದರೆ ಮಂದ ಬೆಳಕಿನ ಕೋಣೆಯಲ್ಲಿ ಸಣ್ಣ ಕ್ಯಾಮೆರಾ ಎರಡರಿಂದ ಐದು ಪಟ್ಟು ಹೆಚ್ಚು ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ. 4ಕೆ ಎಂಬ ಹೆಚ್ಚು ಸ್ಪಷ್ಟತೆಯ ವಿಡಿಯೊದಲ್ಲಿ ಅದು ಸೆಕೆಂಡಿಗೆ 120 ಚೌಕಟ್ಟು(ಫ್ರೇಮ್)ಗಳವರೆಗೆ ಚಿತ್ರೀಕರಿಸಿದರೆ, ಝಡ್90 30ಕ್ಕೇ ನಿಲ್ಲುತ್ತದೆ. ನಡೆಯುತ್ತಲೇ ಚಿತ್ರೀಕರಿಸುವಾಗ ಪಾಕೆಟ್ 3ರ ಮೂರು ಅಕ್ಷಗಳ ಗಿಂಬಲ್ (ಲೆನ್ಸನ್ನು ಅಲುಗದಂತೆ ಹಿಡಿಯುವ ಮೋಟಾರಿನ ತೋಳು) ಹೆಜ್ಜೆಯ ಕುಲುಕನ್ನು ನುಂಗುವಷ್ಟು ಚೆನ್ನಾಗಿ ಕ್ಯಾಮ್‌ಕಾರ್ಡರ್‌ನ ಸ್ಥಿರೀಕರಣ ನುಂಗಲಾರದು. ಹೀಗಿರುವಾಗ ದೊಡ್ಡದನ್ನು ಹೊರುವುದಾದರೂ ಏಕೆ?

ಮೊದಲ ಕಾರಣ ದೂರ. ಲೆನ್ಸಿನ ನೋಟವನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ, ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ದೂರದ್ದು ಹತ್ತಿರ. ಪಾಕೆಟ್ 3ರ ನೋಟ 20 ಮಿಮೀಗೆ ಸಮನಾದದ್ದು ಮತ್ತು ಅದರಲ್ಲಿ ಆಪ್ಟಿಕಲ್ ಜೂಮ್ ಇಲ್ಲ. ವೇದಿಕೆಯ ಮೇಲಿನ ಮುಖವನ್ನು ಸಭಾಂಗಣದ ಕೊನೆಯ ಸಾಲಿನಿಂದ ಹಿಡಿಯಬೇಕೆಂದರೆ ಅದು ಚಿತ್ರವನ್ನು ಕತ್ತರಿಸಿ ಹಿಗ್ಗಿಸಬೇಕಾಗುತ್ತದೆ. ಝಡ್90ರಲ್ಲಿ 12 ಪಟ್ಟು ಜೂಮ್ ಇದ್ದು, 29ರಿಂದ 348 ಮಿಮೀವರೆಗಿನ ವ್ಯಾಪ್ತಿ ಸಿಗುತ್ತದೆ. ಇಷ್ಟು ದೊಡ್ಡ ಸೆನ್ಸರಿಗೆ ಇಷ್ಟು ದೂರದ ಲೆನ್ಸ್ ಜೋಡಿಸಬೇಕಾದರೆ ಗಾಜಿನ ಗಾತ್ರ ಹಿಗ್ಗಲೇಬೇಕು. ದೇಹ ಭಾರವಾಗಲು ಅದೂ ಒಂದು ಕಾರಣ.

ನನ್ನ ಮಟ್ಟಿಗೆ ಇದಕ್ಕಿಂತ ತೂಕದ ಕಾರಣ ಕಾಲ. ಉಪನ್ಯಾಸವಾಗಲಿ, ನಾಟಕವಾಗಲಿ, ಸಂಗೀತ ಕಛೇರಿಯಾಗಲಿ, ಕ್ಯಾಮೆರಾ ಬಿಸಿಯಾಯಿತೆಂದು ನಿಲ್ಲುವುದಿಲ್ಲ. ಸೆಕೆಂಡಿಗೆ 100 ಮೆಗಾಬಿಟ್ ದರದ 4ಕೆ ಚಿತ್ರೀಕರಣ ಒಂದು ಗಂಟೆಗೆ 45 ಗಿಗಾಬೈಟ್ ಜಾಗ ಬೇಡುತ್ತದೆ. ಝಡ್90ರಲ್ಲಿ ಎರಡು ಕಾರ್ಡ್‌ಗಳಿಗೆ ಜಾಗವಿದ್ದು, ಒಂದು ತುಂಬಿದೊಡನೆ ಇನ್ನೊಂದಕ್ಕೆ ತಾನೇ ದಾಟುವಂತೆಯೋ, ಎರಡರಲ್ಲೂ ಏಕಕಾಲಕ್ಕೆ ಒಂದೇ ದೃಶ್ಯ ದಾಖಲಾಗುವಂತೆಯೋ ಹೊಂದಿಸಿಕೊಳ್ಳಬಹುದು. ಪಾಕೆಟ್ 3ರಲ್ಲಿರುವುದು ಒಂದೇ ಮೈಕ್ರೊಎಸ್‌ಡಿ ಕಾರ್ಡು ಮತ್ತು ಕಳಚಲಾಗದ ಬ್ಯಾಟರಿ. ಮರಳಿ ಚಿತ್ರೀಕರಿಸಲಾಗದ ಕಾರ್ಯಕ್ರಮಕ್ಕೆ ಒಂದೇ ಕಾರ್ಡನ್ನು ನಂಬಿ ಹೋಗುವುದನ್ನು ನಾನು ಯಾರಿಗೂ ಸೂಚಿಸಲಾರೆ.

ಇನ್ನು ಧ್ವನಿ. ಝಡ್90ರ ಹಿಡಿಕೆಯ ಮೇಲೆ ವೃತ್ತಿಪರ ಮೈಕುಗಳ ಕೇಬಲ್ ಸಿಕ್ಕಿಸುವ ಎರಡು ಎಕ್ಸ್‌ಎಲ್‌ಆರ್ ಕಿಂಡಿಗಳಿವೆ. ಹೊರಗಿನಿಂದ ವಿದ್ಯುತ್ ಬೇಡುವ ಕಂಡೆನ್ಸರ್ ಬಗೆಯ ಮೈಕುಗಳಿಗೆ ಬೇಕಾದ 48 ವೋಲ್ಟ್ ವಿದ್ಯುತ್ತನ್ನು ಅವೇ ಒದಗಿಸುತ್ತವೆ. ಎಕ್ಸ್‌ಎಲ್‌ಆರ್ ಕೇಬಲಿನಲ್ಲಿ ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನಷ್ಟೇ ಕ್ಯಾಮೆರಾ ಗಣಿಸುವುದರಿಂದ, ದಾರಿಯಲ್ಲಿ ಎರಡಕ್ಕೂ ಸಮನಾಗಿ ಅಂಟಿಕೊಂಡ ಗೊರಗೊರ ಸದ್ದು ಬಹುಪಾಲು ಅಳಿದುಹೋಗುತ್ತದೆ. ಹೀಗಾಗಿ ಸಭಾಂಗಣದ ಧ್ವನಿ ಮಿಕ್ಸರಿನಿಂದ ಉದ್ದನೆಯ ಕೇಬಲ್ ಎಳೆಯಲು ಅಂಜಬೇಕಿಲ್ಲ. ಪಾಕೆಟ್ 3 ತನ್ನದೇ ಸಂಸ್ಥೆಯ ವೈರ್‌ಲೆಸ್ ಮೈಕಿನೊಂದಿಗೆ ನೇರವಾಗಿ ಕೂಡಿಕೊಳ್ಳುತ್ತದೆ ಎಂಬುದು ನಿಜ, ಒಬ್ಬರ ಮಾತಿಗೆ ಅದು ಧಾರಾಳವಾಗಿ ಸಾಕು. ಹೆಡ್‌ಫೋನ್ ಹಾಕಿಕೊಂಡು ಧ್ವನಿಯನ್ನು ಕೇಳುತ್ತ ಚಿತ್ರೀಕರಿಸುವ ಸೌಲಭ್ಯವನ್ನು ಮಾತ್ರ ಸಣ್ಣ ಕ್ಯಾಮೆರಾ ಕೊಳ್ಳುವ ಮುನ್ನ ಪ್ರತ್ಯೇಕವಾಗಿ ಪರಿಶೀಲಿಸಬೇಕು. ಉದಾಹರಣೆಗೆ, 2020ರ ಸೋನಿ ಝಡ್‌ವಿ-1 ಎಂಬ ಸಣ್ಣ ಕ್ಯಾಮೆರಾದಲ್ಲಿ ಮೈಕಿಗೆ ಕಿಂಡಿಯಿದೆ, ಹೆಡ್‌ಫೋನಿಗಿಲ್ಲ.

ಬೆಳಕಿನ ಹತೋಟಿಯಲ್ಲೂ ಅಂತರವಿದೆ. ಸೆಕೆಂಡಿಗೆ 25 ಚೌಕಟ್ಟುಗಳ ಚಿತ್ರೀಕರಣಕ್ಕೆ ಸಹಜ ಚಲನೆ ಬೇಕಾದರೆ ಶಟರ್, ಅಂದರೆ ಪ್ರತಿ ಚೌಕಟ್ಟಿಗೆ ಬೆಳಕು ಬೀಳುವ ಅವಧಿ, 1/50 ಸೆಕೆಂಡಿನ ಆಸುಪಾಸಿನಲ್ಲಿರಬೇಕು. ಬಿಸಿಲಿನಲ್ಲಿ ಅದಕ್ಕೆ ಬಣ್ಣ ಕೆಡಿಸದೆ ಬೆಳಕನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಅನಿವಾರ್ಯ. ಝಡ್90ರಲ್ಲಿ ಬೆಳಕನ್ನು 1/4, 1/16, 1/64ಕ್ಕೆ ಇಳಿಸುವ ಫಿಲ್ಟರುಗಳು ಒಳಗೇ ಇವೆ. ಪಾಕೆಟ್ 3ಕ್ಕೆ ಅವನ್ನು ಹೊರಗಿನಿಂದ ಅಂಟಿಸಬೇಕು.

ಆದ್ದರಿಂದ ಪಯಣ, ನಡಿಗೆ, ಹತ್ತಿರದ ಮಾತುಕತೆಗಳೇ ಮುಖ್ಯವಾದವರು ಹಿಂಜರಿಯದೆ ಪಾಕೆಟ್ 3 ಕೊಳ್ಳಲಿ. ಟ್ರೈಪಾಡಿನ ಹಿಂದೆ ನಿಂತು ಗಂಟೆಗಟ್ಟಲೆ ಚಿತ್ರೀಕರಿಸುವವರಿಗೆ, ಹಳೆಯ ಮಾದರಿಯಾದರೂ ಝಡ್90 ಅಥವಾ ಅದೇ ಬಗೆಯ ಕ್ಯಾಮ್‌ಕಾರ್ಡರೇ ಸರಿ. ಎರಡರ ಗುಣವೂ ಒಂದರಲ್ಲೇ ಸಿಗಲಿ ಎಂದು 30 ಪಟ್ಟು ಜೂಮಿನ ಸೋನಿ ಎಚ್‌ಡಿಆರ್-ಸಿಎಕ್ಸ್405ರಂಥ ಹಗುರ ಕ್ಯಾಮ್‌ಕಾರ್ಡರ್‌ಗಳತ್ತ ವಾಲುವವರೂ ಇದ್ದಾರೆ. ಅದರ ಸೆನ್ಸರ್ 1/5.8 ಇಂಚಿನದು, ಹೊರಗಿನ ಮೈಕಿಗೆ ಕಿಂಡಿಯೂ ಇಲ್ಲ. ಸಂಜೆಗತ್ತಲಾದೊಡನೆ ಜೂಮ್ ಎಷ್ಟಿದ್ದರೂ ಕಾಣುವುದು ಕಾಳುಕಾಳಾದ ಚಿತ್ರವೇ.