ಚಿಕ್ಕಮಗಳೂರಿನ ಹಳೇ ಸಾಮಾನಿನ ಅಂಗಡಿ: ಮುಂದಿನ ಹಾಲ್ ಬಿಡಿ, ಹಿಂದಿನ ಶೆಡ್ಡಿಗೆ ಹೋಗಿ

ನನಗೆ ಒಂದು ಹಳೇ ಪೆಟ್ರೋಲ್ ಪಂಪು ಬೇಕಿತ್ತು. ಬಂಕ್ ಅಲ್ಲ, ಪಂಪು. ಬಂಕಿನಲ್ಲಿ ಆಳೆತ್ತರಕ್ಕೆ ನಿಂತಿರುತ್ತಿತ್ತಲ್ಲ, ಗಾಜಿನ ಹಿಂದೆ ನಂಬರ್ ಚಕ್ರ ಕಟಕಟ ತಿರುಗುವ ಕಬ್ಬಿಣದ ಪೆಟ್ಟಿಗೆ, ಅದು. ಮನೆಯಲ್ಲಿ ಹೇಳಿದಾಗ ಹೆಂಡತಿ "ಪೆಟ್ರೋಲ್ ಮಾರ್ತೀರಾ?" ಅಂದಳು. ಮಾರೋಕಲ್ಲ ಕಣೇ, ನೋಡೋಕೆ ಅಂದೆ. ಅದು ಅವಳಿಗೆ ಇನ್ನೂ ಕೆಟ್ಟದಾಗಿ ಕೇಳಿಸಿತು.

ಅಂಗಡಿ ಇರುವುದು ಚಿಕ್ಕಮಗಳೂರಿನ ಹೊರಗೆ. ಹೆಸರು ಬರೆಯುವುದಿಲ್ಲ, ಯಾಕೆಂದರೆ ಕೊನೆಯಲ್ಲಿ ಒಂದು ಜಗಳ ಆಯಿತು. ಹಾಸನದಿಂದ ಬೇಲೂರು ಮೇಲೆ ಹೋದೆ. ಮುಂದಿನ ಹಾಲ್ ನೋಡಿದರೆ ಯಾವುದೋ ಹಳೇ ಎಸ್ಟೇಟ್ ಬಂಗಲೆಗೆ ನುಗ್ಗಿದ ಹಾಗಿರುತ್ತದೆ. ಬೀಟೆ ಮರದ ಮಂಚ, ತಾಮ್ರದ ಹಂಡೆ, ಕಾಫಿ ಪಲ್ಪರಿನ ಚಕ್ರ, ಗ್ರಾಮಫೋನು, ಗೋಡೆ ತುಂಬ ಎನಾಮೆಲ್ ಬೋರ್ಡು. ಲೈಟಿಂಗ್ ಚೆನ್ನಾಗಿದೆ. ಫಿಲ್ಟರ್ ಕಾಫಿ ಕೊಡುತ್ತಾರೆ, ಅದು ನಿಜವಾಗಲೂ ಚೆನ್ನಾಗಿದೆ.

ಬಾಗಿಲ ಹತ್ತಿರವೇ ಕೆಂಪು ಬಣ್ಣದ ಪಂಪು ನಿಂತಿತ್ತು. ತಲೆ ಮೇಲೆ ದುಂಡನೆ ಗ್ಲೋಬು, ಒಳಗೆ ಬಲ್ಬು ಉರಿಯುತ್ತಿತ್ತು. ಚೀಟಿಯಲ್ಲಿ "1930, ಒರಿಜಿನಲ್, 1,45,000" ಅಂತ ಬರೆದಿತ್ತು. ನನಗೆ ಎದೆ ಢವಢವ. ಹೊಸಬರು ಮೋಸ ಹೋಗುವುದೇ ಇಲ್ಲಿ. ನಾನೂ ಅಡ್ವಾನ್ಸ್ ಕೊಡೋಕೆ ಜೇಬಿಗೆ ಕೈ ಹಾಕಿಬಿಟ್ಟಿದ್ದೆ. ಪುಣ್ಯಕ್ಕೆ ಜೊತೆಯಲ್ಲಿ ನಮ್ಮ ಮಾವ ಇದ್ದರು, ಮೂವತ್ತು ವರ್ಷ ಬಂಕಿನಲ್ಲಿ ಕೆಲಸ ಮಾಡಿದವರು. ಅವರು ಪಂಪಿನ ಹೆಗಲಿಗೆ ಕೈ ಇಟ್ಟು ಸುಮ್ನೆ ಒಂದು ಸಲ ತಳ್ಳಿದರು. ಅದು ಅಲ್ಲಾಡಿತು. "ಇದು ಬೀರುಗಿಂತ ಹಗುರ ಇದೆಯಲ್ಲೋ" ಅಂದರು.

ಆಮೇಲೆ ನಾನೂ ಕಣ್ಣು ಬಿಟ್ಟು ನೋಡಿದೆ. ಗ್ಲೋಬು ಗಾಜಲ್ಲ, ಪ್ಲಾಸ್ಟಿಕ್. ಉಗುರಿನಲ್ಲಿ ತಟ್ಟಿದರೆ ಟಪ್ ಅನ್ನುತ್ತದೆ, ಗಾಜಿನ ಹಾಗೆ ಟಣ್ ಅನ್ನುವುದಿಲ್ಲ. ತಗಡಿಗೆ ಹೊಸ ರಿವೆಟ್ಟು. ತಳದಲ್ಲಿ ಪೈಪು ಬಂದು ಸೇರುವ ಜಾಗವೇ ಇಲ್ಲ, ಅಂದರೆ ಇದು ಹುಟ್ಟಿದಾಗಿನಿಂದ ಒಂದು ತೊಟ್ಟೂ ಪೆಟ್ರೋಲ್ ಕಂಡಿಲ್ಲ. ಎಲ್ಲಕ್ಕಿಂತ ಮಜಾ ಅಂದರೆ ಡಯಲ್ಲಿನಲ್ಲಿ ಡಾಲರು, ಸೆಂಟು ಇತ್ತು. ಡಾಲರಿನಲ್ಲಿ ಲೆಕ್ಕ ಹಾಕುವ ಪಂಪಿನಿಂದ ನಮ್ಮ ಕಡೆ ಯಾವ ಸಾಹುಕಾರ ಪೆಟ್ರೋಲ್ ಹಾಕಿಸಿಕೊಂಡಿದ್ದ, ಹೇಳಿ? ಅಂಗಡಿ ಹುಡುಗನನ್ನು ಮೆತ್ತಗೆ ಕೇಳಿದಾಗ "ಜೋಧ್‌ಪುರದಿಂದ ಬರುತ್ತೆ ಸಾರ್, ಹೋಮ್‌ಸ್ಟೇಯವರು ತಗೊಂಡು ಹೋಗ್ತಾರೆ" ಅಂದ. ಹುಡುಗ ಒಳ್ಳೆಯವನು. ಅಲಂಕಾರದ ಪೀಸು ಮಾರುವುದು ತಪ್ಪಲ್ಲ. ಚೀಟಿಯಲ್ಲಿ 1930 ಅಂತ ಬರೆಯುವುದು ತಪ್ಪು.

ಗೋಡೆ ಮೇಲಿನ ಬರ್ಮಾ ಶೆಲ್ (ಹಳೇ ಪೆಟ್ರೋಲ್ ಕಂಪನಿ) ಬೋರ್ಡುಗಳದ್ದೂ ಇದೇ ಕಥೆ. ಹಳೇ ಎನಾಮೆಲ್ ಬೋರ್ಡಿನಲ್ಲಿ ಒಂದೊಂದು ಬಣ್ಣವನ್ನೂ ಒಂದರ ಮೇಲೊಂದು ಬೇಯಿಸಿರುತ್ತಾರೆ, ಅಕ್ಷರದ ಅಂಚಿನ ಮೇಲೆ ಬೆರಳಾಡಿಸಿದರೆ ಸಣ್ಣ ಮೆಟ್ಟಿಲು ಸಿಗುತ್ತದೆ. ಇಲ್ಲಿ ಎಲ್ಲ ನುಣ್ಣಗೆ. ತುಕ್ಕು ಕೂಡ ಸರಿಯಾಗಿ ನಾಲ್ಕು ಮೂಲೆಯಲ್ಲಿ ಒಂದೇ ಅಳತೆಗೆ ಹಿಡಿದಿತ್ತು, ಯಾರೋ ರಂಗೋಲಿ ಹಾಕಿದ ಹಾಗೆ.

ಹಿಂದೆ ಏನಾದರೂ ಇದೆಯಾ ಅಂತ ಹುಡುಗನನ್ನು ಕೇಳಿದೆ. ಹಿತ್ತಲಲ್ಲಿ ತಗಡಿನ ಶೆಡ್ಡು ಇದೆ, ಗುಜರಿ ಅಂತ ಯಾರನ್ನೂ ಬಿಡುವುದಿಲ್ಲ ಅಂದ. ಬಿಡಿಸಿಕೊಂಡೆ. ಈ ಅಂಗಡಿಗೆ ನಾನು ನಾಲ್ಕು ಸ್ಟಾರ್ ಕೊಡುತ್ತಿರುವುದು ಈ ಶೆಡ್ಡಿಗೆ. ಮುಂದಿನ ಹಾಲಿಗೆ ಎರಡೂ ಜಾಸ್ತಿ. ಒಳಗೆ ಜೀಪಿನ ಗೇರ್‌ಬಾಕ್ಸು, ಮುರಿದ ತಕ್ಕಡಿ, ಹುತ್ತ ಕಟ್ಟಿದ ಕಿಟಕಿಗಳ ನಡುವೆ ಎರಡು ಪಂಪು ನಿಂತಿದ್ದವು. ನಿಜವಾದವು. ಒಂದಕ್ಕೆ ಬಾಗಿಲೂ ಇಲ್ಲ, ಹೊಟ್ಟೆಯೂ ಇಲ್ಲ. ಇನ್ನೊಂದು ಕ್ರೀಮ್ ಬಣ್ಣದ್ದು. ಒಂದು ಕಡೆ ಗಾಜು ಒಡೆದಿದೆ, ಹೋಸು ಒಣಗಿ ಸೀಳಿದೆ, ಆದರೆ ಒಳಗೆ ನಂಬರ್ ಚಕ್ರಗಳು ಹಾಗೇ ಇವೆ.

ಇದು ಕೆಲಸ ಮಾಡುವುದು ಹೇಗೆ ಅಂತ ಮಾವ ಅಲ್ಲೇ ಬಾಗಿಲು ತೆಗೆದು ತೋರಿಸಿದರು. ಕೆಳಗೆ ಮೋಟಾರು, ಅದರ ಪಕ್ಕ ನೆಲದ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪು, ಅದರಲ್ಲಿ ಸೇರಿದ ಗಾಳಿಯನ್ನು ಬೇರೆ ಮಾಡುವ ಡಬ್ಬ. ಅಲ್ಲಿಂದ ಮೀಟರು. ಮೀಟರಿನ ಒಳಗೆ ಪಿಸ್ಟನ್ನುಗಳು, ಪೆಟ್ರೋಲ್ ಹರಿದಷ್ಟೂ ಅವು ಒಂದು ಕಡ್ಡಿಯನ್ನು ತಿರುಗಿಸುತ್ತವೆ. ಆ ಕಡ್ಡಿ ಮೇಲೆ ಹೋಗಿ ಹಲ್ಲಿನ ಚಕ್ರಗಳ ಒಂದು ಗೊಂಚಲನ್ನು ತಿರುಗಿಸಿ ಲೀಟರನ್ನೂ ದುಡ್ಡನ್ನೂ ಒಟ್ಟಿಗೆ ತೋರಿಸುತ್ತದೆ. ಕರೆಂಟಿನ ಲೆಕ್ಕವಲ್ಲ, ಬರೀ ಹಲ್ಲಿನ ಲೆಕ್ಕ. ದರ ಏರಿದರೆ ಬಾಗಿಲು ತೆಗೆದು ಗೇರು ಬದಲಿಸುತ್ತಿದ್ದರಂತೆ. ಈ ಪಂಪಿನ ದರದ ಜಾಗದಲ್ಲಿ ಎಂಟು ರೂಪಾಯಿ ಚಿಲ್ಲರೆ ನಿಂತುಹೋಗಿತ್ತು. ಮಾವ ಅದನ್ನೇ ಸ್ವಲ್ಪ ಹೊತ್ತು ನೋಡಿದರು. "ಈ ರೇಟಲ್ಲೇ ಯೆಜ್ದಿಗೆ ಫುಲ್ ಟ್ಯಾಂಕ್ ಹಾಕಿಸ್ತಾ ಇದ್ದೆ, ಆಗಲೂ ಜಾಸ್ತಿ ಅಂತ ಬೈತಾ ಇದ್ವಿ" ಅಂದರು.

ಮೀಟರಿನ ಬೋಲ್ಟಿಗೆ ತಂತಿ ಸುತ್ತಿ ಸೀಸದ ಸೀಲು ಒತ್ತಿತ್ತು. ತೂಕ ಅಳತೆ ಇಲಾಖೆಯವರು ಅಳತೆ ಪರೀಕ್ಷೆ ಮಾಡಿ ಹಾಕುವ ಸೀಲು ಅದು. ಹುಣಸೆ ಬೀಜದಷ್ಟೇ ಇದೆ. ಹೆಬ್ಬೆರಳಿನಲ್ಲಿ ಉಜ್ಜಿದಾಗ ವರ್ಷದ ಎರಡು ಅಂಕಿ ಎದ್ದು ಬಂದವು, 88. ಮುಂದಿನ ಹಾಲಿನ ಒಂದೂಮುಕ್ಕಾಲು ಅಡಿ ಗ್ಲೋಬಿಗಿಂತ ಈ ಹುಣಸೆ ಬೀಜಕ್ಕೆ ಬೆಲೆ ಜಾಸ್ತಿ. ಇಂಥದ್ದು ಸಿಕ್ಕರೆ ದಯವಿಟ್ಟು ಕತ್ತರಿಸಬೇಡಿ.

ಕಾಲ ಗುರುತಿಸುವುದು ಅಷ್ಟು ಕಷ್ಟವಲ್ಲ. ಡಯಲ್ಲಿನಲ್ಲಿ ಆಣೆ ಇದ್ದರೆ 1957ರ ಏಪ್ರಿಲ್ 1ಕ್ಕಿಂತ ಮೊದಲಿನದು, ಅವತ್ತೇ ನಯಾ ಪೈಸೆ ಬಂದದ್ದು. ನಯಾ ಪೈಸೆ ಅಂತ ಬರೆದಿದ್ದರೆ 1957ರಿಂದ 1964ರ ಒಳಗೆ. ಗ್ಯಾಲನ್ ಇದ್ದರೆ ಯಾವ ಗ್ಯಾಲನ್ ನೋಡಿ. ನಮ್ಮಲ್ಲಿ ನಡೆಯುತ್ತಿದ್ದುದು ಇಂಗ್ಲೆಂಡಿನ ಗ್ಯಾಲನ್, ನಾಲ್ಕೂವರೆ ಲೀಟರಿಗೆ ಸ್ವಲ್ಪ ಮೇಲೆ. ಅಮೆರಿಕದ್ದು 3.785 ಲೀಟರ್, ಅದು ಇಲ್ಲಿ ಸಿಕ್ಕರೆ ಅನುಮಾನ ಪಡಿ. ಕಂಪನಿ ಹೆಸರೂ ಸುಳಿವು ಕೊಡುತ್ತದೆ. 1974ರಲ್ಲಿ ಎಸ್ಸೋ ಹೋಗಿ ಹಿಂದೂಸ್ತಾನ್ ಪೆಟ್ರೋಲಿಯಂ ಬಂತು, 1976ರಲ್ಲಿ ಬರ್ಮಾ ಶೆಲ್ ಸರ್ಕಾರದ ಕೈಗೆ ಬಂದು ಆಮೇಲೆ ಭಾರತ್ ಪೆಟ್ರೋಲಿಯಂ ಆಯಿತು. ಹಾಗಾಗಿ ಹಳೇ ಬಣ್ಣದ ಕೆಳಗೆ ಬರ್ಮಾ ಶೆಲ್‌ನ ಚಿಪ್ಪಿನ ಗುರುತು ಇಣುಕಿದರೆ ಒಳ್ಳೆಯ ಸುದ್ದಿ, ಹೊಸ ಬಣ್ಣದ ಮೇಲೆ ಹೊಳೆಯುತ್ತಿದ್ದರೆ ಕೆಟ್ಟ ಸುದ್ದಿ.

ಈಗ ದುಡ್ಡಿನ ವಿಷಯ. ಆ ಕ್ರೀಮ್ ಪಂಪಿಗೆ ಅಂಗಡಿ ಯಜಮಾನರು 38,000 ಅಂದರು. ನಾನು ಮೊದಲು ಫೋನ್ ತೆಗೆದು ಅಮೆರಿಕದ ರೇಟು ನೋಡಿದ್ದೆ, ಅದರಿಂದ ಏನೂ ಉಪಯೋಗವಿಲ್ಲ. ಅಲ್ಲಿ ಕೈಯಲ್ಲಿ ಸನ್ನೆ ಎಳೆದರೆ ಪೆಟ್ರೋಲ್ ಮೇಲಿನ ಗಾಜಿನ ಕೊಳವೆಗೆ ಏರಿ, ಎಷ್ಟು ಗ್ಯಾಲನ್ ಅಂತ ಗಿರಾಕಿ ಕಣ್ಣಾರೆ ನೋಡಿ, ಆಮೇಲೆ ತಾನಾಗೇ ಕಾರಿಗೆ ಇಳಿಯುತ್ತಿದ್ದ 1920ರ ಸುಮಾರಿನ ಪಂಪುಗಳ ಹಿಂದೆ ಜನ ಬಿದ್ದಿದ್ದಾರೆ. ಅದು ಬೇರೆ ಲೋಕ.

ನಮಗಿರುವುದು ಎರಡು ರೇಟು. ಒಂದು ಗುಜರಿ ರೇಟು. ನೂರೈವತ್ತು ಕೆಜಿ ಕಬ್ಬಿಣ, ಕೆಜಿಗೆ ಮೂವತ್ತು ಹಿಡಿದರೆ 4,500. ಇದಕ್ಕಿಂತ ಕೆಳಗೆ ಯಾರೂ ಕೊಡುವುದಿಲ್ಲ. ಇನ್ನೊಂದು ಹೋಮ್‌ಸ್ಟೇ ರೇಟು, ಅದಕ್ಕೆ ಮೇಲೆ ಮಿತಿಯೇ ಇಲ್ಲ, ಗೆಸ್ಟ್ ಫೋಟೋ ತೆಗೆಸಿಕೊಂಡರೆ ಸಾಕು. ನಡುವೆ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಏನಿದೆ ಅನ್ನುವುದರಿಂದಲ್ಲ, ಏನಿಲ್ಲ ಅನ್ನುವುದರಿಂದ ಲೆಕ್ಕ ಹಾಕಬೇಕು ಅಂತ ಮಾವ ಹೇಳಿಕೊಟ್ಟರು. ಗಾಜು ಇಲ್ಲವಾ? ಹಾಸನದಲ್ಲಿ ಕತ್ತರಿಸಿಕೊಡುತ್ತಾರೆ, ನೂರಾರು ರೂಪಾಯಿಯ ಮಾತು. ಬಾಗಿಲು ಸೊಟ್ಟವಾ? ಟಿಂಕರಿಂಗ್‌ನವನು ಸರಿ ಮಾಡುತ್ತಾನೆ. ಹೋಸು ಯಾವುದಾದರೂ ನಡೆಯುತ್ತದೆ. ಆದರೆ ನಂಬರ್ ಚಕ್ರದ ತಲೆ ಇಲ್ಲದಿದ್ದರೆ ಅದು ಬರೀ ಬೀರು, ಬಿಟ್ಟು ಬನ್ನಿ. ಹಳೇ ನಾಜಲ್ ಕೂಡ ಬಿಡಿಯಾಗಿ ಸಿಗುವುದಿಲ್ಲ, ಸಿಕ್ಕರೂ ಕಡಿಮೆ ಬೆಲೆಗೆ ಕೊಡುವುದಿಲ್ಲ. ಕಂಪನಿಯ ಹಿತ್ತಾಳೆ ಪ್ಲೇಟು ಇರಬೇಕು, ಸೀರಿಯಲ್ ನಂಬರ್ ಸಮೇತ.

ಚೌಕಾಸಿ ಒಂದು ಗಂಟೆ, ಎರಡು ಕಾಫಿ. 26,000ಕ್ಕೆ ಬಂದು ನಿಂತಿತು. ಪಿಕಪ್‌ನಲ್ಲಿ ಹಾಸನಕ್ಕೆ ತರಲು 3,500, ಹತ್ತಿಸಿ ಇಳಿಸಿದವರಿಗೆ 800 ಬೇರೆ. ಈ ಲೋಡಿಂಗ್ ದುಡ್ಡನ್ನು ಮೊದಲೇ ಮಾತಾಡಿಕೊಳ್ಳಿ. ನಾನು ಮಾತಾಡಿರಲಿಲ್ಲ.

ಜಗಳ ಆದದ್ದು ಮಾರನೇ ದಿನ. ಪಂಪು ಬಂತು, ಪ್ಲೇಟು ಬರಲಿಲ್ಲ. ಅಂಗಡಿಯಲ್ಲಿ ಫೋಟೋ ತೆಗೆದುಕೊಂಡಿದ್ದೆ, ಅದರಲ್ಲಿ ಪ್ಲೇಟು ಪಕ್ಕದ ಹಲಗೆ ಮೇಲೆ ಬಿದ್ದಿತ್ತು, ಪಂಪಿನದೇ ಅಂತ ಹುಡುಗ ಹೇಳಿದ್ದ. ಯಜಮಾನರು ಫೋನಿನಲ್ಲಿ "ಅದು ಬೇರೆ ಐಟಂ ಸಾರ್, ಎರಡು ಸಾವಿರ" ಅಂದುಬಿಟ್ಟರು. ಸಿಟ್ಟು ನೆತ್ತಿಗೇರಿತು. ಮುಂದಿನ ಭಾನುವಾರ ಮತ್ತೆ ಬೇಲೂರು ದಾರಿ ಹಿಡಿದು ಹೋದೆ. ಎರಡು ಮಾತು ಬಂತು, ಎರಡು ಮಾತು ಹೋಯಿತು. ಕೊನೆಗೆ 500 ಕೊಟ್ಟು ತಂದೆ. ಕೊಡಬಾರದಿತ್ತು, ಗೊತ್ತು. ಮನೆಗೆ ಬಂದು ಪಂಪಿನ ಎದೆ ಮೇಲೆ ಇಟ್ಟು ನೋಡಿದರೆ ನಾಲ್ಕೂ ಸ್ಕ್ರೂ ತೂತು ಸರಿಯಾಗಿ ಕೂತವು. ಪ್ಲೇಟು ಇದ್ದ ಜಾಗದಲ್ಲಿ ಮಾತ್ರ ಬಿಸಿಲು ಕಾಣದ ಹಳೇ ಹಸಿರು ಬಣ್ಣ, ಅಂಗೈಯಗಲ, ಒದ್ದೆ ಎಲೆಯ ಹಾಗೆ ಉಳಿದಿತ್ತು. ಇಡೀ ಪಂಪು ಒಂದು ಕಾಲಕ್ಕೆ ಆ ಬಣ್ಣದಲ್ಲಿತ್ತು ಅಂತ ನನಗೆ ಗೊತ್ತಾದದ್ದು ಹಾಗೆ. ಮತ್ತೆ ಪೇಂಟ್ ಹೊಡೆಸುವ ಯೋಚನೆ ಅಲ್ಲೇ ಬಿಟ್ಟೆ.

ಇಂಥದ್ದನ್ನು ಮನೆಗೆ ತಂದವರು ಮೊದಲು ಬಯಲಲ್ಲಿ ಬಾಗಿಲು ತೆಗೆದು ಎರಡು ದಿನ ಬಿಡಿ. ಮೂಲೆಯಲ್ಲಿ ಉಳಿದ ಪೆಟ್ರೋಲಿನ ಆವಿ ಬೆಂಕಿಗೆ ಕಾಯುತ್ತಿರುತ್ತದೆ, ವೆಲ್ಡಿಂಗ್‌ನವನನ್ನು ಹತ್ತಿರ ಬಿಡಬೇಡಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಒಣ ಮರಳುಕಾಗದದಲ್ಲಿ ಉಜ್ಜಬೇಡಿ, ಅದರಲ್ಲೂ ಮಕ್ಕಳಿರುವ ಮನೆಯಲ್ಲಿ.

ಅಂಗಡಿಗೆ ಹೋಗುವವರು ಒಂದು ಟಾರ್ಚು, ಒಂದು ಅಯಸ್ಕಾಂತ ತಗೊಂಡು ಹೋಗಿ. ಹಿತ್ತಾಳೆ ಅಂತ ಮಾರುವ ಎಷ್ಟೋ ಸಾಮಾನಿಗೆ ಅಯಸ್ಕಾಂತ ಗಪ್ಪಂತ ಅಂಟುತ್ತದೆ. ಒಪ್ಪಿಕೊಂಡ ಮೇಲೆ ಪಂಪಿನ ಜೊತೆ ಏನೇನು ಬರುತ್ತದೆ ಅಂತ ಬಿಲ್ಲಿನ ಮೇಲೆ ಬರೆಸಿ, ಸ್ಕ್ರೂ ಸಮೇತ. ಹುಡುಗನನ್ನು ಕೇಳಿ, ಯಜಮಾನರನ್ನಲ್ಲ. ಕಾಫಿ ಕುಡಿಯಿರಿ.

ಬಾಗಿಲಿಲ್ಲದ ಆ ಎರಡನೇ ಪಂಪು ಇನ್ನೂ ಶೆಡ್ಡಿನಲ್ಲೇ ಇದೆ. ಅದಕ್ಕೆ 9,000 ಹೇಳುತ್ತಾರೆ, ಹೊಟ್ಟೆ ಖಾಲಿ, ನಂಬರ್ ತಲೆಯೂ ಇಲ್ಲ. ಆರರ ಮೇಲೆ ಕೊಡಬೇಡಿ. ನಾಜಲ್ ಮಾತ್ರ ಚೆನ್ನಾಗಿದೆ, ಅದು ನನ್ನದಕ್ಕಿಂತ ಹಳೆಯದು, ಮತ್ತೆ ಹೋದಾಗ ಅದೊಂದನ್ನೇ ಬಿಡಿಯಾಗಿ ಕೊಡುತ್ತಾರಾ ಅಂತ ಕೇಳಬೇಕು ಅಂತಿದ್ದೇನೆ. ಮನೆಯಲ್ಲಿ ಇನ್ನೂ ಹೇಳಿಲ್ಲ.