ಗಬಗಬ ತಿನ್ನುವ ಮುಧೋಳ ಮರಿ: ಸ್ಲೋ ಫೀಡರ್, ಇಡ್ಲಿ ತಟ್ಟೆ, ಗೋಣಿಚೀಲ

ಮುಧೋಳ ನಾಯಿಯನ್ನು ಒಮ್ಮೆ ಪಕ್ಕದಿಂದ ನೋಡಿ. ಎದೆ ಆಳ, ಸೊಂಟ ಸಣ್ಣ, ಹೊಟ್ಟೆ ಒಳಗೆ ಎಳೆದುಕೊಂಡ ಹಾಗೆ. ಓಟಕ್ಕೆ ಹೇಳಿ ಮಾಡಿಸಿದ ಮೈಕಟ್ಟು. ಆದರೆ ಇಂಥ ಆಳ ಎದೆಯ ನಾಯಿಗಳಿಗೇ ಹೊಟ್ಟೆ ಉಬ್ಬರದ ಭಯ ಜಾಸ್ತಿ. ಗಬಗಬ ನುಂಗುವಾಗ ಊಟದ ಜೊತೆ ಗಾಳಿಯೂ ಒಳಗೆ ಹೋಗುತ್ತದೆ. ಹೊಟ್ಟೆ ಉಬ್ಬಿ, ಕೆಲವೊಮ್ಮೆ ತಿರುಚಿಕೊಳ್ಳುತ್ತದೆ. ಹಾಗೆ ತಿರುಚಿಕೊಂಡರೆ ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಕುತ್ತು. ವಯಸ್ಸಾದ ನಾಯಿಗಳಲ್ಲಿ ಇದು ಹೆಚ್ಚು, ಮರಿಗಳಲ್ಲಿ ಕಡಿಮೆ. ಆದರೆ ತಿನ್ನುವ ಚಾಳಿ ಬೀಳೋದು ಮರಿಯಿದ್ದಾಗಲೇ ಅಲ್ವಾ?

ನಮ್ಮ ಚಿಗರಿ ಬಾಗಲಕೋಟೆಗೆ ಬಂದದ್ದು ಮುಧೋಳ ಕಡೆಯ ಹಳ್ಳಿಯಿಂದ. ಅಲ್ಲಿ ಆರೇಳು ಮರಿಗಳಿಗೆ ಒಂದೇ ಪರಾತ. ಮೊದಲು ಬಾಯಿ ಹಾಕಿದವರಿಗೆ ಹೊಟ್ಟೆ ತುಂಬ, ಉಳಿದವರಿಗೆ ನೆಕ್ಕೋದು. ಆ ಪೈಪೋಟಿ ಅವಳ ತಲೆಯಲ್ಲಿ ಇನ್ನೂ ಇದೆ. ಬಟ್ಟಲು ಇಟ್ಟು ಬೆನ್ನು ತಿರುಗಿಸುವಷ್ಟರಲ್ಲಿ ಖಾಲಿ. ಎಷ್ಟೋ ಸಲ ತಿಂದದ್ದೆಲ್ಲ ಹಾಗೇ, ಅಗಿಯದೆ ಇದ್ದದ್ದು, ಹೊರಗೆ ಬರುತ್ತಿತ್ತು. "ಹೊಟ್ಟಿ ತುಂಬ ಹಾಕು, ತಾನ ಸಾವಕಾಶ ತಿಂತೈತಿ" ಅಂದಳು ಅವ್ವ. ಜಾಸ್ತಿ ಹಾಕಿದರೆ ಜಾಸ್ತಿ ನುಂಗಿದಳು, ಅಷ್ಟೇ. ಮೊದಲು ಪಶು ವೈದ್ಯರ ಹತ್ತಿರ ಹೋಗಿ ಜಂತುಹುಳದ ಔಷಧಿ ಕೊಡಿಸಿದೆವು. ಹೊಟ್ಟೆಯಲ್ಲಿ ಹುಳ ಇದ್ದರೆ ಎಷ್ಟು ತಿಂದರೂ ಹಸಿವು ತೀರೋದಿಲ್ಲ, ಅದನ್ನು ಬಿಟ್ಟು ಬಟ್ಟಲು ಬದಲಿಸಿ ಉಪಯೋಗವಿಲ್ಲ.

ಎಲ್ಲರೂ ಹೇಳುವುದು ಸ್ಲೋ ಫೀಡರ್ ಬೌಲ್. ಒಳಗೆ ಪ್ಲಾಸ್ಟಿಕ್ಕಿನ ಏಣು ಎದ್ದಿರುತ್ತವೆ, ನಾಲಿಗೆ ಸುತ್ತಿ ಸುತ್ತಿ ಕಾಳು ಹೆಕ್ಕಬೇಕು. ಡ್ರೈ ಫುಡ್ಡಿಗೆ ಇದು ನಿಜಕ್ಕೂ ಒಳ್ಳೆಯದು. ಚಿಗರಿಗೆ 5-6 ನಿಮಿಷ ಹಿಡಿಯಿತು. ಮುಧೋಳ ನಾಯಿಯ ಮೂತಿ ಉದ್ದ ಮತ್ತು ಸಪೂರ, ಹಾಗಾಗಿ ಸಂದು ಅಗಲವಾಗಿರುವ ಬೌಲ್‌ನಿಂದ ಅವಳ ವೇಗ ಏನೂ ಕಡಿಮೆಯಾಗಲಿಲ್ಲ. ಸಂದು ಇಕ್ಕಟ್ಟಾಗಿರುವುದನ್ನೇ ಆರಿಸಬೇಕು. ಆದರೆ ನಮ್ಮಂಥ ಮನೆಗಳಲ್ಲಿ ನಾಯಿ ತಿನ್ನೋದು ಬರೀ ಡ್ರೈ ಫುಡ್ಡೇ? ಜೋಳದ ನುಚ್ಚು, ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿ, ಮೊಟ್ಟೆ ಇದ್ದೇ ಇರುತ್ತದೆ. ಮಜ್ಜಿಗೆ ರೊಟ್ಟಿ ಹಾಕಿದರೆ ಈ ಬೌಲ್ ಕೆಲಸಕ್ಕೆ ಬಾರದು. ತೆಳ್ಳಗಿನ ಊಟ ಏಣಿನ ಸುತ್ತ ಹರಿದು ಕೂರುತ್ತದೆ, ನಾಲ್ಕು ಸಲ ನೆಕ್ಕಿದರೆ ಮುಗೀತು. ಮೂಲೆಯಲ್ಲಿ ಉಳಿದದ್ದು ಬೇಸಿಗೆಯಲ್ಲಿ ಮಧ್ಯಾಹ್ನದೊಳಗೆ ಹುಳಿ ವಾಸನೆ. ಬ್ರಶ್ ಹಾಕಿ ತಿಕ್ಕದಿದ್ದರೆ ಹೋಗೋದಿಲ್ಲ.

ಮೆತ್ತಗಿನ ಊಟಕ್ಕೆ ನನಗೆ ಗೆದ್ದದ್ದು ಇಡ್ಲಿ ತಟ್ಟೆ. ಮನೆಯದ್ದನ್ನು ನಾಯಿಗೆ ಕೊಡಲು ಅವ್ವ ಸುತಾರಾಂ ಒಪ್ಪಲಿಲ್ಲ, ಅದಕ್ಕಂತಲೇ ಬೇರೆ ಹಳೆಯದೊಂದು ತೆಗೆದಿಟ್ಟೆವು. ನುಚ್ಚನ್ನು ಗಟ್ಟಿಯಾಗಿ ಬೇಯಿಸಿ, ಆರಿಸಿ, ಸ್ವಲ್ಪ ಮಜ್ಜಿಗೆ ಬೆರೆಸಿ, ಪ್ರತಿ ಗುಳಿಗೂ ಚಮಚದ ಬೆನ್ನಿನಿಂದ ಒತ್ತಿ ತುಂಬುತ್ತೇನೆ. ಈಗ ಅವಳು ಒಮ್ಮೆಗೇ ಬಾಯಿ ತುಂಬಿಕೊಳ್ಳಲಾರಳು. ಒಂದು ಗುಳಿಯನ್ನು ನಾಲಿಗೆಯಿಂದ ಕೆರೆದು ಮುಗಿಸಬೇಕು, ತಲೆ ಎತ್ತಬೇಕು, ಮುಂದಿನದಕ್ಕೆ ಹೋಗಬೇಕು. ಆ ತಲೆ ಎತ್ತುವ ಕ್ಷಣದಲ್ಲೇ ಉಸಿರಾಟ ಸರಿಯಾಗುತ್ತದೆ. ಮೊದಲು ತಟ್ಟೆ ಪರ್ಸಿ ಕಲ್ಲಿನ ಮೇಲೆ ಕಿರ್ ಅಂತ ಜಾರಿ ಅಡುಗೆಮನೆ ಬಾಗಿಲ ತನಕ ಹೋಗುತ್ತಿತ್ತು. ಕೆಳಗೆ ಒದ್ದೆ ಗೋಣಿತಟ್ಟು ಹಾಕಿದ ಮೇಲೆ ನಿಂತಿತು. ತೂತಿರುವ ತಟ್ಟೆಯಾದರೆ ನೀರಾದ ಊಟ ಸೋರುತ್ತದೆ, ಅಂಚು ಹರಿತವಾಗಿದ್ದರೆ ನಾಲಿಗೆ ಕೊಯ್ಯುತ್ತದೆ. ಇವೆರಡನ್ನು ನೋಡಿಕೊಂಡರೆ ತೊಳೆಯೋದಕ್ಕೂ ಇದರಷ್ಟು ಸುಲಭ ಬೇರೆ ಇಲ್ಲ.

ಸಮಯ ಹಿಡಿಸುವುದರಲ್ಲಿ ಗೋಣಿಚೀಲ ಎಲ್ಲಕ್ಕಿಂತ ಮುಂದೆ. ಡ್ರೈ ಫುಡ್ ಕಾಳನ್ನು ಚೀಲದ ಮಡಿಕೆಗಳಲ್ಲಿ ಹರವಿ ಬಿಟ್ಟರೆ ಮೂಗಿನಿಂದ ಹುಡುಕಿ ಹುಡುಕಿ ತಿನ್ನುತ್ತಾಳೆ, ಕಾಲು ಗಂಟೆ ಹತ್ತಿರ ಹೋಗುತ್ತದೆ. ತಿಂದ ಮೇಲೆ ಸಮಾಧಾನವಾಗಿ ಮಲಗುತ್ತಾಳೆ ಕೂಡ. ಬೇಟೆ ನಾಯಿಗೆ ಹುಡುಕಾಟ ಬೇಕೇ ಬೇಕು. ತೊಂದರೆ ಎರಡು. ನಮ್ಮ ಕಡೆ ಬೇಸಿಗೆಯಲ್ಲಿ ಒಂದು ಕಾಳು ಬಿಟ್ಟರೂ ಇರುವೆ ಸಾಲು ಕಟ್ಟುತ್ತವೆ. ಇನ್ನೊಂದು, ಚೀಲದ ನಾರು ಕಿತ್ತು ನುಂಗುವ ಮರಿಗೆ ಇದು ಬೇಡವೇ ಬೇಡ. ಎದುರಿಗೆ ಕೂತು ನೋಡಲು ಸಮಯವಿದ್ದಾಗ ಮಾತ್ರ ಹಾಕಬೇಕು.

ಬಟ್ಟಲಲ್ಲಿ ದೊಡ್ಡ ನುಣುಪು ಕಲ್ಲಿಡುವ ಉಪಾಯವನ್ನೂ ಹಲವರು ಹೇಳುತ್ತಾರೆ. ಹಲ್ಲು ಬದಲಾಗುವ ವಯಸ್ಸಿನ ಮರಿ ಕಲ್ಲನ್ನೇ ಕಡಿಯಲು ನೋಡುತ್ತದೆ. ಆ ಸದ್ದು ಕೇಳಿ ನಾನು ಅದೇ ದಿನ ತೆಗೆದೆ. ಕೈಯಿಂದ ತಿನ್ನಿಸುವುದು ಚೆನ್ನಾಗಿದೆ, ಮರಿ ಮನುಷ್ಯರಿಗೆ ಹೊಂದಿಕೊಳ್ಳುತ್ತದೆ, ಮುಧೋಳ ನಾಯಿ ಸ್ವಭಾವದಲ್ಲಿ ಸ್ವಲ್ಪ ಹಿಂಜರಿಕೆಯದ್ದಲ್ವಾ. ಆದರೆ ದಿನಾ ಪೂರ್ತಿ ಊಟ ಹಾಗೆ ಮಾಡಿಸೋಕೆ ಪುರುಸೊತ್ತು ಯಾರಿಗಿದೆ? ನಾಲ್ಕು ತುತ್ತು ಕೊಟ್ಟು ಉಳಿದದ್ದು ತಟ್ಟೆಗೆ.

ಎತ್ತರದ ಸ್ಟ್ಯಾಂಡ್ ಮೇಲೆ ಬಟ್ಟಲಿಟ್ಟರೆ ಒಳ್ಳೆಯದು ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ದೊಡ್ಡ ಜಾತಿಯ ನಾಯಿಗಳ ಮೇಲೆ ನಡೆಸಿದ ಅಧ್ಯಯನ 2000ರಲ್ಲಿ ಪ್ರಕಟವಾಯಿತು. ಅದರಲ್ಲಿ ಎತ್ತರದ ಬಟ್ಟಲಲ್ಲಿ ತಿನ್ನುವ ನಾಯಿಗಳಿಗೇ ಹೊಟ್ಟೆ ಉಬ್ಬರ ಹೆಚ್ಚು ಕಂಡಿತ್ತು. ಚಿಗರಿ ನೆಲದ ಮೇಲೇ ತಿನ್ನುತ್ತಾಳೆ.

ಬಟ್ಟಲು ಯಾವುದೇ ಇರಲಿ, ಹೆಚ್ಚು ಫರಕು ತಂದದ್ದು ಹೊತ್ತು. ನಾಲ್ಕು ತಿಂಗಳೊಳಗಿನ ಮರಿಗೆ ದಿನಕ್ಕೆ 3-4 ಸಲ, ಆರು ತಿಂಗಳವರೆಗೆ 3 ಸಲ, ಆಮೇಲೆ 2 ಸಲ ಊಟ ಸಾಮಾನ್ಯ ಲೆಕ್ಕ. ನಾವು ಆರು ತಿಂಗಳಾದ ಮೇಲೂ ಮೂರನ್ನೇ ಇಟ್ಟುಕೊಂಡೆವು, ಅಳತೆ ಮಾತ್ರ ಅದೇ. ಹಸಿವು ಕಡಿಮೆಯಿದ್ದರೆ ಅವಸರವೂ ಕಡಿಮೆ. ದಿನದ ಊಟವನ್ನೆಲ್ಲ ರಾತ್ರಿ ಒಂದೇ ಸಲ ಹಾಕುವ ಪದ್ಧತಿ ನಮ್ಮ ಕಡೆ ತುಂಬಾ ಇದೆ. ಆಳ ಎದೆಯ ನಾಯಿಗೆ ಅದು ಅಪಾಯ. ಊಟದ ನಂತರ ಒಂದು ಗಂಟೆಯಾದರೂ ಓಡಿಸಬಾರದು. ಇನ್ನೊಂದು ನಾಯಿಯಿದ್ದರೆ ಬೇರೆ ಕೋಣೆಯಲ್ಲಿ ಹಾಕಿ. ಉಳ್ಳಾಗಡ್ಡಿ, ಬಳ್ಳುಳ್ಳಿ ಬಿದ್ದ ಸಾರು ರೊಟ್ಟಿಗೆ ಬೆರೆಸಬೇಡಿ, ಎರಡೂ ನಾಯಿಗೆ ವಿಷ.

ಹೊಟ್ಟೆ ಬಿಗಿದು ಉಬ್ಬಿದರೆ, ಓಕರಿಸಿದರೂ ಏನೂ ಹೊರಗೆ ಬರದಿದ್ದರೆ, ಜೊಲ್ಲು ಸುರಿಸುತ್ತ ಒಂದು ಕಡೆ ನಿಲ್ಲದೆ ಚಡಪಡಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ. ಶಸ್ತ್ರಚಿಕಿತ್ಸೆ ಮಾಡುವ ಪಶು ವೈದ್ಯರ ನಂಬರು ಮೊದಲೇ ಫೋನಿನಲ್ಲಿರಲಿ. ಓಮಿನ ನೀರು, ಸೋಡಾ ಕುಡಿಸುತ್ತ ಕೂರುವ ಹೊತ್ತಲ್ಲ ಅದು.

ಈಗ ನಮ್ಮಲ್ಲಿ ಬೆಳಗ್ಗೆ ಗೋಣಿಚೀಲ, ಮಧ್ಯಾಹ್ನ ಸ್ಲೋ ಫೀಡರ್, ರಾತ್ರಿ ಇಡ್ಲಿ ತಟ್ಟೆ. ಒಂದನ್ನೇ ಕೊಳ್ಳುತ್ತೇನೆ ಅನ್ನುವವರು ಮನೆಯಲ್ಲಿ ಏನು ಹಾಕುತ್ತೀರಿ ಅಂತ ನೋಡಿ ಆರಿಸಿ. ರೊಟ್ಟಿ, ನುಚ್ಚು ಆದರೆ ಸ್ಲೋ ಫೀಡರಿಗೆ ದುಡ್ಡು ಹಾಕಬೇಡಿ. ಬೇಯಿಸಿದ ಮೊಟ್ಟೆ ಮಾತ್ರ ಇವತ್ತಿಗೂ ಒಂದೇ ಗುಕ್ಕಿಗೆ ಹೋಗುತ್ತದೆ, ಹಾಗಾಗಿ ಅದನ್ನು ಹಿಚುಕಿ ನುಚ್ಚಿನ ಜೊತೆಗೇ ಗುಳಿಗೆ ಒತ್ತುತ್ತೇನೆ.